ಒಪ್ಪಿಸುವುದು

ಆಗಸ್ಟ್ ೧೮

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದ.

ನೀನು ನಮ್ಮ ಶಾಲೆಗೆ ಬಂದು ಹೋಗಿ ವಾರ ದಾಟಿತು. ನಿನಗಾಗಿ ಎಲ್ಲಿಂದಲೋ ಎರವಲು ತಂದಿದ್ದ ದೊಡ್ಡ ಕುರ್ಚಿ ಇನ್ನೂ ಹೆಡ್ಮಾಸ್ಟರ ಕೋಣೆಯಲ್ಲೇ ಇದೆ. ವಾಪಸು ಕಳಿಸಲು ಅವರಿಗೆ ಮನಸ್ಸಿಲ್ಲ, ಕೂರಲು ಧೈರ್ಯವಿಲ್ಲ. ಮಂತ್ರಿಯಾದ ಮೇಲೆ ಮೊದಲು ಅಕ್ಕನ ಶಾಲೆಗೇ ಬಂದ ಎಂದು ಜನ ಹೇಳಿಕೊಳ್ಳುತ್ತಿದ್ದಾರೆ. ನನಗೂ ಹೆಮ್ಮೆಯೇ, ಸುಳ್ಳು ಯಾಕೆ ಹೇಳಲಿ. ಆದರೆ ಆ ಹೆಮ್ಮೆ ನೀನು ನನ್ನ ಒಂದನೇ ತರಗತಿಗೆ ಕಾಲಿಟ್ಟು ಹೊರಗೆ ಹೋಗುವ ತನಕವೂ ಉಳಿಯಲಿಲ್ಲ.

ಮುಂದಿನ ಸಾಲಿನ ಹುಡುಗಿಯನ್ನು ಎಬ್ಬಿಸಿ ನೀನು ಕೇಳಿದೆ: “ಪುಟ್ಟೀ, ಅಕ್ಷರಮಾಲೇಲಿ ಮೊದಲನೇ ಅಕ್ಷರ ಯಾವುದು?” ಅವಳು ನೆಟ್ಟಗೆ ನಿಂತು “ರ” ಎಂದಳು. ಪತ್ರಿಕೆಯವರು ನಕ್ಕರು, ನಿನ್ನ ಹಿಂದೆ ಬಂದವರು ನಕ್ಕರು, ನೀನೂ ನಕ್ಕೆ. ಅಲ್ಲೇ ಅಂಗಳದಲ್ಲಿ ನಿಂತು ಅಪ್ಪಣೆಯನ್ನೂ ಕೊಟ್ಟುಬಿಟ್ಟೆ. ಈಗ ಅದು ಮುದ್ರೆ ಬಿದ್ದು ಬಂದಿದೆ. “ಒಂದನೇ ತರಗತಿಯ ಪ್ರತಿ ಮಗುವೂ ವರ್ಷದ ಕೊನೆಗೆ ಹೊರಗಿನ ಪರೀಕ್ಷಕರಿಗೆ ವರ್ಣಮಾಲೆಯನ್ನು ಪೂರ್ತಿ ಒಪ್ಪಿಸತಕ್ಕದ್ದು. ಒಪ್ಪಿಸದ ಮಗು ಅದೇ ತರಗತಿಯಲ್ಲಿ ಉಳಿಯತಕ್ಕದ್ದು.”

ಆ ಮಗು ತಪ್ಪು ಹೇಳಲಿಲ್ಲ ತಮ್ಮ. ಈಗಿನ ಪುಸ್ತಕ ಶುರುವಾಗುವುದೇ ರ, ಗ, ಸ, ದ ಎಂದು. ಎಳೆ ಕೈಗೆ ಅ ಬರೆಯುವುದು ಕಷ್ಟ, ರ ಒಂದೇ ಸುತ್ತು. ಅದರ ನಡುವೆ ಚುಕ್ಕಿ ಇಟ್ಟರೆ ಠ, ಅಡ್ಡ ಗೆರೆ ಎಳೆದರೆ ಈ. ಎರಡನೇ ವಾರಕ್ಕೆ ಮಗು ‘ಸರ’ ಓದುತ್ತದೆ, ‘ಗರಗಸ’ ಓದುತ್ತದೆ. ಅ ಆ ಇ ಈ ಎಂದು ತಿಂಗಳು ಕೂಗಿಸಿದರೂ ಒಂದು ಪದ ಹುಟ್ಟುವುದಿಲ್ಲ. ಕಾಲಿಗೆ ಮುಳ್ಳು ಚುಚ್ಚಿದವರ ಹಾಗೆ ಆ, ಈ ಎನ್ನಬಹುದು, ಅಷ್ಟೆ. ಅವಳಿಗೆ ಮೊದಲು ಬಂದ ಅಕ್ಷರ ರ. ನೀನು ಕೇಳಿದ್ದು ಅದನ್ನೇ ಎಂದುಕೊಂಡಳು.

ಅವಳಿಗೆ ನಾವು ಇಟ್ಟ ಹೆಸರು ಮೆಣಸಿನಕಾಳು. ಸಣ್ಣದು, ಚುರುಕು. ತರಗತಿಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಉತ್ತರ ಹೇಳುತ್ತಿದ್ದವಳು. ಆ ದಿನದಿಂದ ಶಾಲೆಯಲ್ಲಿ ತುಟಿ ಬಿಚ್ಚಿಲ್ಲ. ಹಾಜರಿ ಕರೆದರೆ ಕೈ ಎತ್ತುತ್ತಾಳೆ. ವರ್ಷದ ಕೊನೆಗೆ ಹೊರಗಿನವರ ಮುಂದೆ ಅವಳು ಏನು ಒಪ್ಪಿಸಿಯಾಳು, ನೀನೇ ಹೇಳು.

ಆ ಅಪ್ಪಣೆಯನ್ನು ಹಿಂದಕ್ಕೆ ತೆಗೆದುಕೋ. ನೀನು ಏನನ್ನೂ ತಿನ್ನದೆ ಹೋದೆ, ಅದೂ ಮನಸ್ಸಿನಲ್ಲಿದೆ.

ನಿನ್ನ ಅಕ್ಕ

\*

ಸೆಪ್ಟೆಂಬರ್ ೫

ಮಾನ್ಯರೇ,

ತಮ್ಮ ಆಗಸ್ಟ್ ೧೮ರ ಪತ್ರವು ಈ ಕಚೇರಿಗೆ ತಲುಪಿರುತ್ತದೆ. ಸದರಿ ಪತ್ರವನ್ನು ಸೂಕ್ತ ಕ್ರಮಕ್ಕಾಗಿ ಸಂಬಂಧಪಟ್ಟವರಿಗೆ ರವಾನಿಸಲಾಗಿದೆ ಎಂದು ತಿಳಿಸಲು ನಿರ್ದೇಶಿತನಾಗಿದ್ದೇನೆ.

ತಮ್ಮ ವಿಶ್ವಾಸಿ,
ಶಿಕ್ಷಣ ಮಂತ್ರಿಗಳ ಆಪ್ತ ಕಾರ್ಯದರ್ಶಿ

\*

ಸೆಪ್ಟೆಂಬರ್ ೯

ಆಪ್ತ ಕಾರ್ಯದರ್ಶಿಗಳಿಗೆ ನಮಸ್ಕಾರ.

ನನ್ನ ಪತ್ರವನ್ನು ಸಂಬಂಧಪಟ್ಟವರಿಗೆ ಕಳಿಸಿದ್ದೇವೆ ಎಂದಿದ್ದೀರಿ. ನಿಮ್ಮ ಮಂತ್ರಿಗೆ ಒಡಹುಟ್ಟಿದ ಸಂಬಂಧ ಎಂದು ಈ ಭೂಮಿಯ ಮೇಲೆ ಉಳಿದಿರುವವಳು ನಾನೊಬ್ಬಳೇ. ಇಲ್ಲಿಗೆ ಯಾವ ಪತ್ರವೂ ಬಂದಿಲ್ಲ. ಬೇರೆ ಯಾರಿಗಾದರೂ ಹೋಗಿದ್ದರೆ ತರಿಸಿಕೊಂಡು ಅವನ ಕೈಗೇ ಕೊಡಿ. ಅವನು ಓದುವಾಗ ಪಕ್ಕದಲ್ಲಿ ನಿಂತಿರಿ, ಇಲ್ಲದಿದ್ದರೆ ಕೊನೆಯ ಸಾಲು ಬಿಡುತ್ತಾನೆ. ಚಿಕ್ಕಂದಿನ ಅಭ್ಯಾಸ.

ನೀವು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀರೆಂದು ನಂಬಿದ್ದೇನೆ. ಅವನ ಹತ್ತಿರ ಕೆಲಸ ಮಾಡುವವರಿಗೆ ಅದು ಆಗುವುದಿಲ್ಲ ಎಂದು ಕೇಳಿದ್ದೇನೆ.

ಮಂತ್ರಿಯ ಅಕ್ಕ

\*

ಸೆಪ್ಟೆಂಬರ್ ೨೦

ಅಕ್ಕಾ,

ನೀನು ಬರೆದದ್ದನ್ನು ನನ್ನ ಕಾರ್ಯದರ್ಶಿ ಮೇಜಿನ ಮೇಲಿಟ್ಟು, ನಿಜಕ್ಕೂ ಪಕ್ಕದಲ್ಲೇ ನಿಂತುಕೊಂಡ. ಕೊನೆಯ ಸಾಲನ್ನೂ ಓದಿದ್ದೇನೆ. ನಿನ್ನ ಮೊದಲ ಪತ್ರವನ್ನೂ ಹುಡುಕಿಸಿ ಓದಿದ್ದೇನೆ.

ಹುಡುಗಿಯ ವಿಷಯಕ್ಕೆ ಬೇಸರವಾಯಿತು. ಆದರೆ ಅಪ್ಪಣೆ ಹಿಂದಕ್ಕೆ ತೆಗೆಯುವುದಿಲ್ಲ. ಯಾಕೆಂದು ಕೇಳು.

ಚುನಾವಣೆಗೆ ಮನೆಮನೆ ತಿರುಗಿದವನು ನಾನು. ಒಂದು ಮನೆಯಲ್ಲಿ ಅಪ್ಪ ಐದನೇ ತರಗತಿಯ ಮಗನನ್ನು ಬೀದಿಗೆ ಕರೆತಂದು ಬಸ್ಸಿನ ಬೋರ್ಡು ತೋರಿಸಿದ. ಹುಡುಗನಿಗೆ ಓದಲು ಬರಲಿಲ್ಲ. “ಸ್ವಾಮಿ, ಐದು ವರ್ಷ ಕಳಿಸಿದ್ದೀನಿ. ಯಾರನ್ನ ಕೇಳ್ಲಿ?” ಎಂದ ಅವನು. ನಾನು ಇದ್ದ ಜಾಗದಲ್ಲಿ ನಿನ್ನನ್ನು ನಿಲ್ಲಿಸಿ ಯೋಚಿಸು ಅಕ್ಕಾ, ಏನು ಹೇಳುತ್ತಿದ್ದೆ? ಮೇಷ್ಟ್ರನ್ನು ಕೇಳಿದರೆ ಪುಸ್ತಕ ಸರಿಯಿಲ್ಲ ಎನ್ನುತ್ತಾರೆ. ಪುಸ್ತಕ ಬರೆದವರನ್ನು ಕೇಳಿದರೆ ಮೇಷ್ಟ್ರು ಸರಿಯಿಲ್ಲ ಎನ್ನುತ್ತಾರೆ. ನಿಮ್ಮ ಪಂಡಿತರು ನನಗೆ ನೆನಪಿರುವ ಹಾಗೆ ನಾಲ್ಕು ಸಲ ಪುಸ್ತಕ ಬದಲಿಸಿದರು. ಒಂದು ಸಲವಾದರೂ ಹೆತ್ತವರನ್ನು ಕೇಳಿದರಾ? ಜನ ನನ್ನನ್ನು ಕೇಳುತ್ತಾರೆ, ತಪ್ಪಿದರೆ ಮನೆಗೆ ಕಳಿಸುತ್ತಾರೆ. ಪಂಡಿತರನ್ನು ಮನೆಗೆ ಕಳಿಸುವವರು ಯಾರು?

ಅ ಆ ಇ ಈ ಎಂದರೆ ಎಲ್ಲ ಅಪ್ಪಂದಿರಿಗೂ ಅರ್ಥವಾಗುತ್ತದೆ. ಮಗು ಒಪ್ಪಿಸಿದರೆ ಬಂತು, ಇಲ್ಲದಿದ್ದರೆ ಇಲ್ಲ. ನನಗೆ ನೀನು ಕಲಿಸಿದ್ದು ಏನು, ರ ಗ ಸ ದ ನಾ? ಹಿತ್ತಲ ಗೋಡೆಯ ಮೇಲೆ ಇದ್ದಿಲಲ್ಲಿ ಅ ಆ ಬರೆಸಿ, ಅಮ್ಮನ ಹತ್ತಿರ ಇಬ್ಬರೂ ಬೈಸಿಕೊಂಡಿದ್ದೆವು. ನಾನೇನು ಕೆಟ್ಟು ಹೋದೆನಾ?

ಇದಕ್ಕೆ ಉತ್ತರ ಬರೆಯುವ ಮೊದಲು ಒಂದು ಲೋಟ ನೀರು ಕುಡಿ.

ನಿನ್ನ ತಮ್ಮ

\*

ಅಕ್ಟೋಬರ್ ೨

ತಮ್ಮನಿಗೆ ಆಶೀರ್ವಾದ.

ನೀರು ಕುಡಿದೆ. ಕೆಟ್ಟು ಹೋದೆನಾ ಎಂದು ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ, ನೀನು ಮಂತ್ರಿ.

ಬಸ್ಸಿನ ಬೋರ್ಡಿನ ಮಾತು ನನ್ನ ಎದೆಯಲ್ಲಿ ಕೂತಿತು. ಮರುದಿನ ಪಾಠ ಮುಗಿದ ಮೇಲೆ ನಮ್ಮದೇ ಐದನೇ ತರಗತಿಗೆ ಹೋಗಿ ಒಬ್ಬೊಬ್ಬರಿಂದಲೂ ಓದಿಸಿದೆ. ಹಿಂದಿನ ಬೆಂಚಿನವರು ಚಿತ್ರ ನೋಡಿ ಕಥೆ ಹೇಳಿದರು. ಓದಲಿಲ್ಲ. ಎಲ್ಲರೂ ನನ್ನ ತರಗತಿ ದಾಟಿಯೇ ಹೋದವರು. ಮನೆಗೆ ಬಂದು ದೀಪ ಹಚ್ಚಿ ದೇವರ ಮುಂದೆ ಕೂತರೆ ಹೇಳಲು ಮಾತೇ ಬರಲಿಲ್ಲ. ಆದ್ದರಿಂದ ನಿನ್ನ ಮಾತು ಸುಳ್ಳು ಎನ್ನುವುದಿಲ್ಲ.

ಆದರೆ ಅಂಗಿ ಬಿಗಿಯಾಗಿದೆ ಎನ್ನುವವನು ತೊಟ್ಟವನು. ಎಲ್ಲಿ ಬಿಚ್ಚಿ ಎಲ್ಲಿ ಹೊಲಿಯಬೇಕು ಎಂದು ತಿಳಿದವನು ದರ್ಜಿ. ನೀನು ಕತ್ತರಿಯನ್ನು ಅಂಗಡಿ ಮುಂದೆ ನಿಂತವರ ಕೈಗೆ ಕೊಡುತ್ತಿದ್ದೀಯೆ. ಅಕ್ಷರಮಾಲೆ ಒಪ್ಪಿಸಿದವರಿಗೆಲ್ಲ ಓದಲು ಬರುತ್ತದೆ ಎಂದು ನಿನಗೆ ಯಾರು ಹೇಳಿದರು?

ನಿನ್ನೆ ಮೆಣಸಿನಕಾಳಿನ ತಾಯಿ ಬಂದಿದ್ದಳು. ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ ಇಸ್ತ್ರಿ ಅಂಗಡಿ ಅವಳದು. ಒಬ್ಬಳೇ ನಡೆಸುತ್ತಾಳೆ. ಸಂಜೆ ಹುಡುಗಿ ಮಡಿಸಿದ ಬಟ್ಟೆಗಳನ್ನು ಮನೆಮನೆಗೆ ಒಪ್ಪಿಸಿ ಬರುತ್ತಾಳೆ. ಮಗಳು ಮಾತಾಡುತ್ತಿಲ್ಲವಲ್ಲ, ಮನೆಯಲ್ಲಿ ಹೇಗೆ ಎಂದು ಕೇಳಿದೆ. ಮನೆಯಲ್ಲಿ ಮಾತಾಡುತ್ತಾಳಂತೆ, ಹೊರಗಿನವರ ಮುಂದೆ ಇಲ್ಲವಂತೆ. “ಬಟ್ಟೆ ಒಪ್ಪಿಸಿ ಬರೋಕೆ ಮಾತೇನೂ ಬೇಕಾಗಿಲ್ಲ ಟೀಚರಮ್ಮ,” ಎಂದಳು. ಪರೀಕ್ಷೆಯ ವಿಷಯ ಅವಳಿಗೂ ತಿಳಿದಿತ್ತು. ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು ಹೇಳಿದಳು: “ಒಂದು ವರ್ಷ ಬಿಟ್ಟುಕೊಟ್ಟಿದ್ದೀನಿ. ಅದೇ ಕ್ಲಾಸು ಮತ್ತೆ ಅಂದ್ರೆ ಕಳಿಸಲ್ಲ. ಕೋಪಕ್ಕೆ ಹೇಳ್ತಿಲ್ಲ. ಅಂಗಡೀಲಿ ನಂಗೆ ಕೈ ಬೇಕು.”

ಅವಳು ಒರಟಳಲ್ಲ ತಮ್ಮ. ಕೂರಲು ಹೇಳಿದರೆ ಕೂರದೆ, ನನ್ನ ಸೆರಗಿನ ಸುಕ್ಕನ್ನೇ ನೋಡುತ್ತಿದ್ದಳು, ಪಾಪ, ಕೆಲಸದ ಕಣ್ಣು. ಹೇಳಿದ ಹಾಗೆ ಮಾಡುವವಳು.

ಆ ಮಗುವನ್ನು ದೇವರಿಗೆ ಒಪ್ಪಿಸಿದ್ದೇನೆ. ನಿನಗೂ ತಿಳಿಸಿದ್ದೇನೆ.

ಅಕ್ಕ

\*

ನವೆಂಬರ್ ೨೮

ಅಕ್ಕಾ,

ತಡವಾಯಿತು. ದರ್ಜಿ ನಾಲ್ಕು ಅಂಗಿ ಕೆಡಿಸಿದ ಮೇಲೂ ಬಟ್ಟೆ ಅವನಿಗೇ ಕೊಡಬೇಕಾ ಎಂದು ಬರೆಯಬೇಕೆಂದಿದ್ದೆ. ಆಮೇಲೆ ಯಾಕೋ ಕೊಟ್ಟೇ ನೋಡೋಣ ಎನ್ನಿಸಿತು.

ನೇರವಾಗಿ ಹೇಳುತ್ತೇನೆ. ನಾನಾಗಿ ಅಪ್ಪಣೆ ಹಿಂತೆಗೆದರೆ ‘ಅಕ್ಕನ ಮಾತಿಗೆ ಮಣಿದ ಮಂತ್ರಿ’ ಎಂದು ಮರುದಿನವೇ ಬರೆಯುತ್ತಾರೆ. ನನ್ನ ಪಕ್ಷದವರೇ ಬರೆಸುತ್ತಾರೆ. ಅದಕ್ಕೆ ದಾರಿ ಮಾಡಿದ್ದೇನೆ. ಶಿಕ್ಷಣ ತಜ್ಞರದೇ ಒಂದು ಸಮಿತಿ ಕೂರಿಸಿದ್ದೇನೆ. ಕಾಲೇಜಿನವರು, ತರಬೇತಿ ಸಂಸ್ಥೆಯವರು, ಪುಸ್ತಕ ಬರೆದವರು. ರಾಜಕೀಯದವನು ಒಬ್ಬನೂ ಇಲ್ಲ. ಅವರು ಏನು ಹೇಳಿದರೂ ಸಹಿ ಹಾಕುತ್ತೇನೆ ಎಂದು ಮೊದಲೇ ಮಾತು ಕೊಟ್ಟಿದ್ದೇನೆ.

ಈಗಲಾದರೂ ಸಮಾಧಾನವಾ?

ತಮ್ಮ

\*

ಜನವರಿ ೧೦

ತಮ್ಮನಿಗೆ ಆಶೀರ್ವಾದ.

ನಿನ್ನ ಸಮಿತಿಯ ವರದಿ ಬಂತು. ಹೆಡ್ಮಾಸ್ಟರು ಗಟ್ಟಿಯಾಗಿ ಓದಿದರು. ಅರ್ಧಕ್ಕೆ ಬರುವಾಗ ಲೆಕ್ಕದ ಟೀಚರಿಗೆ ಜೋಂಪು ಹತ್ತಿತ್ತು. ಕೊನೆಗೆ ಅವಳೇ ಎಚ್ಚೆತ್ತು, “ಏನಂತೆ, ಮಕ್ಕಳಿಗೆ ಏನಾದ್ರೂ ಕಲಿಸ್ಬೇಕಂತಾ ಇಲ್ವಂತಾ?” ಎಂದಳು.

ನನಗೆ ತಿಳಿದಷ್ಟು ಇದು. ವರ್ಣಮಾಲೆ ಒಪ್ಪಿಸುವುದು ಹಾಗೆಯೇ ಇರಲಿ. ಅದರ ಜೊತೆಗೆ ಅರ್ಥವಿಲ್ಲದ ಪದಗಳನ್ನು ಗಡಿಯಾರ ಹಿಡಿದು ಓದಿಸುವ ಇನ್ನೊಂದು ಪರೀಕ್ಷೆ. ಚಿತ್ರ ನೋಡಿ ಹೇಳುವ ಮತ್ತೊಂದು. ಇವೆರಡು ಮುಂದಿನ ವರ್ಷದಿಂದ. ನಾನು ಶಿಕ್ಷಣದವರೇ ನಿರ್ಧರಿಸಲಿ ಎಂದೆ. ನಿರ್ಧರಿಸಿದರು. ಒಂದಿದ್ದದ್ದು ಮೂರಾಯಿತು. ದೇವರು ನನ್ನ ಬೇಡಿಕೆಯನ್ನು ಸರಿಯಾಗಿಯೇ ಕೇಳಿಸಿಕೊಂಡಿದ್ದಾನೆ. ಬೇಡುವುದು ಹೇಗೆಂದು ನನಗೇ ತಿಳಿಯಲಿಲ್ಲ.

ಸಮಿತಿಯ ಹೆಸರುಗಳನ್ನು ನೋಡಿದೆ. ಎಲ್ಲರೂ ಓದಿದವರು, ಒಳ್ಳೆಯವರೇ ಇರಬೇಕು. ಆರು ವರ್ಷದ ಮಗುವಿನ ಮೂಗು ಒರೆಸಿದವರು ಅದರಲ್ಲಿ ಯಾರೂ ಕಾಣಲಿಲ್ಲ.

ನಾನು ಹಟ ಬಿಟ್ಟಿದ್ದೇನೆ. ಈ ತಿಂಗಳಿಂದ ಅ ಆ ಇ ಈ ಸಾಲಾಗಿ ಕಲಿಸುತ್ತಿದ್ದೇನೆ. ಮಕ್ಕಳು ನನ್ನ ಸಿಟ್ಟಿಗೆ ಯಾಕೆ ಬಲಿಯಾಗಬೇಕು. ಮೆಣಸಿನಕಾಳು ಎಲ್ಲವನ್ನೂ ಬರೆಯುತ್ತಾಳೆ, ಎಲ್ಲವನ್ನೂ ಓದುತ್ತಾಳೆ. ತುಟಿ ಅಲ್ಲಾಡುವುದು ಕಾಣುತ್ತದೆ, ದನಿ ಬರುವುದಿಲ್ಲ.

ಒಂದು ಕೇಳುತ್ತೇನೆ, ಮಂತ್ರಿಯನ್ನಲ್ಲ. ಒಂದು ಬೆಳಿಗ್ಗೆ ನೀನೊಬ್ಬನೇ ಬಾ. ಪತ್ರಿಕೆಯವರು ಬೇಡ, ದೊಡ್ಡ ಕುರ್ಚಿ ಬೇಡ. ಹಿಂದಿನ ಬೆಂಚಿನಲ್ಲಿ ಕೂರು. ಏನನ್ನೂ ಕೇಳಬೇಡ.

ಅಕ್ಕ

\*

ಫೆಬ್ರವರಿ ೩

ಅಕ್ಕಾ,

ಆ ಬೆಂಚಿನಲ್ಲಿ ಕೂತ ಮೊಣಕಾಲು ಇನ್ನೂ ನೋಯುತ್ತಿದೆ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ. ಬಸ್ಸಿಗೆ ಹೊತ್ತಾಗಿರಲಿಲ್ಲ.

ನೀನು ಕಪ್ಪು ಹಲಗೆಯ ಕಡೆ ತಿರುಗಿದ್ದಾಗ ನಡೆದದ್ದು ನಿನಗೆ ಕಂಡಿತೋ ಇಲ್ಲವೋ. ಹುಡುಗಿ ಸ್ಲೇಟು ಹಿಡಿದುಕೊಂಡು ನನ್ನ ಹತ್ತಿರ ಬಂದಳು. ನನ್ನ ಗುರುತು ಹಿಡಿದಿದ್ದಳು. ಸ್ಲೇಟನ್ನು ನನ್ನ ಮುಂದೆ ಇಟ್ಟಳು. ಅದರಲ್ಲಿ ಬರೆದಿತ್ತು: ‘ಯಾಕೆ ನಕ್ಕಿದ್ದು’.

ಕ್ಕ, ದ್ದ, ಎರಡು ಒತ್ತೂ ಸರಿಯಾಗಿದ್ದವು. ಮೊದಲು ಅದನ್ನೇ ನೋಡಿದೆ, ಯಾಕೆಂದರೆ ಉಳಿದದ್ದನ್ನು ನೋಡಲು ಇಷ್ಟವಿರಲಿಲ್ಲ. ಸಭೆಯಲ್ಲಿ ವಿರೋಧ ಪಕ್ಷದವರು ಕೇಳಿದ ಪ್ರಶ್ನೆಗೆಲ್ಲ ನಿಂತ ನಿಲುವಿನಲ್ಲಿ ಉತ್ತರ ಕೊಟ್ಟವನು ನಾನು. ಇದಕ್ಕೆ ಬಳಪ ಇಸಿದುಕೊಂಡು ಕೆಳಗೆ ‘ಗೊತ್ತಿರಲಿಲ್ಲ’ ಎಂದು ಬರೆದೆ. ಓದಿದಳು. ಅಂಗಿಯ ತೋಳಿನಿಂದ ಒರೆಸಿ ತನ್ನ ಜಾಗಕ್ಕೆ ಹೋದಳು. ಕ್ಷಮಿಸಿದಳೋ, ಸ್ಲೇಟು ಬೇಕಾಗಿತ್ತೋ, ತಿಳಿಯಲಿಲ್ಲ.

ರಾಜಧಾನಿಗೆ ಮರಳಿ ಮಂತ್ರಿಮಂಡಲದಲ್ಲಿ ವಿಷಯ ಎತ್ತಿದೆ. ಈ ಪರೀಕ್ಷೆಯನ್ನು ಕೈಬಿಡೋಣ ಎಂದೆ. ಯಾರೂ ಒಪ್ಪಲಿಲ್ಲ. ನಾವೇ ಕೊಟ್ಟ ಅಪ್ಪಣೆ, ನಮ್ಮದೇ ಸಮಿತಿ ಸರಿ ಎಂದಿದೆ, ಈಗ ಬೇಡವೆಂದರೆ ಜನ ಉಗಿಯುತ್ತಾರೆ ಎಂದರು. ಈ ವರ್ಷ ಹೇಗೋ ನಡೆದುಹೋಗಲಿ, ಮುಂದಿನ ವರ್ಷ ಬದಲಿಸೋಣ ಎಂದು ಮುಖ್ಯಮಂತ್ರಿಗಳು ಮಾತು ಕೊಟ್ಟಿದ್ದಾರೆ. ಇಷ್ಟೇ ನನ್ನ ಕೈಲಾದದ್ದು.

ತಮ್ಮ

\*

ಫೆಬ್ರವರಿ ೧೧

ತಮ್ಮ,

ನೀನು ಬಂದದ್ದು ದೊಡ್ಡದು. ಅಲ್ಲಿ ಮಾತು ಎತ್ತಿದ್ದೂ ದೊಡ್ಡದು. ಅದನ್ನು ಮೊದಲು ಹೇಳುತ್ತೇನೆ.

ಮುಂದಿನ ವರ್ಷ ಎಂದು ಬರೆದಿದ್ದೀಯೆ. ನಿನಗೆ ಮುಂದಿನ ವರ್ಷವಿದೆ, ನನಗೂ ದೇವರು ಕೊಟ್ಟರೆ ಇದೆ. ಅವಳಿಗೆ ಮುಂದಿನ ವರ್ಷ ಎಂದರೆ ಇದೇ ವರ್ಷ ಇನ್ನೊಂದು ಸಲ. ಆ ತಾಯಿಯಾದರೋ ಅದನ್ನೂ ಕೊಡುವುದಿಲ್ಲ.

ಹೆಚ್ಚು ಬರೆಯುವುದಿಲ್ಲ. ಮೊಣಕಾಲಿಗೆ ಬಿಸಿನೀರು ಹಾಕಿಕೋ.

ಅಕ್ಕ

\*

ಮಾರ್ಚ್ ೨೨

ತಮ್ಮನಿಗೆ ಆಶೀರ್ವಾದ.

ಪರೀಕ್ಷೆ ಆಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಯಾಕೆಂದರೆ ಇನ್ನೊಂದು ಕಡೆಯಿಂದಲೂ ನಿನಗೆ ಕಾಗದ ಬರುತ್ತದೆ.

ಬಂದ ಪರೀಕ್ಷಕರು ಬೇರೆ ಊರಿನ ನಿವೃತ್ತ ಮೇಷ್ಟ್ರು. ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು. ಮಕ್ಕಳನ್ನು ಕಂಡರೆ ಪ್ರೀತಿ, ನಿಯಮವನ್ನು ಕಂಡರೆ ಭಯ. ಒಬ್ಬೊಬ್ಬರನ್ನೇ ಮೇಜಿನ ಹತ್ತಿರ ಕರೆದು “ಎಲ್ಲಿ ಒಪ್ಪಿಸು ನೋಡೋಣ” ಎನ್ನುತ್ತಿದ್ದರು. ಬೇಕರಿಯವರ ಮಗಳು ಎಲ್ಲರಿಗಿಂತ ಚೆನ್ನಾಗಿ ಒಪ್ಪಿಸಿದಳು. ಎಲ್ಲೂ ಉಸಿರು ತೆಗೆದುಕೊಳ್ಳಲಿಲ್ಲ. ಅವಳಪ್ಪ ಕಿಟಕಿಯ ಆಚೆ ನಿಂತು ಕಣ್ಣು ಒರೆಸಿಕೊಂಡ.

ಆಮೇಲೆ ಮೆಣಸಿನಕಾಳು. ಅವಳ ತಾಯಿ ಬಾಗಿಲಲ್ಲಿದ್ದಳು, ಅಂಗಡಿ ಮುಚ್ಚಿ ಬಂದಿದ್ದಳು. ಮೇಷ್ಟ್ರು “ಒಪ್ಪಿಸು ತಾಯಿ” ಎಂದರು. ಹುಡುಗಿ ಸುಮ್ಮನೆ ನಿಂತಳು. ಅವರು ಕಾದರು. ನಾನು ಮನಸ್ಸಿನಲ್ಲೇ ದೇವರ ಹೆಸರು ಹೇಳಿಕೊಳ್ಳುತ್ತಿದ್ದೆ. ಮತ್ತೊಮ್ಮೆ, “ಒಪ್ಪಿಸಮ್ಮ, ಹೆದರ್ಬೇಡ” ಎಂದರು.

ಅವಳು ತಿರುಗಿ ತನ್ನ ಜಾಗಕ್ಕೆ ಹೋದಳು. ಮುಗಿಯಿತು ಎಂದುಕೊಂಡೆ. ಕೂತು ಸ್ಲೇಟು ತೆಗೆದು ಬರೆಯತೊಡಗಿದಳು. ಕೋಣೆಯಲ್ಲಿ ಬಳಪದ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಅ ದಿಂದ ಳ ದವರೆಗೆ, ಒಂದು ಬದಿ ತುಂಬಿದ ಮೇಲೆ ಇನ್ನೊಂದು ಬದಿ. ಎದ್ದು ಬಂದು ಸ್ಲೇಟನ್ನು ಎರಡೂ ಕೈಯಲ್ಲಿ ಹಿಡಿದು ಮೇಷ್ಟ್ರ ಕೈಗೆ ಕೊಟ್ಟಳು. ಕೊಟ್ಟು, ಅವರು ಹಿಡಿದುಕೊಂಡರೋ ಇಲ್ಲವೋ ನೋಡಿ, ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಇಸ್ತ್ರಿ ಬಟ್ಟೆ ಕೊಟ್ಟು ನಿಲ್ಲುತ್ತಾಳಲ್ಲ, ಹಾಗೆಯೇ.

ಆಗ ನನಗೆ ಹೊಳೆಯಿತು. ಒಪ್ಪಿಸು ಎಂದರೆ ಅವಳಿಗೆ ಗೊತ್ತಿರುವುದು ಅದೊಂದೇ ಅರ್ಥ. ಅವಳ ಮನೆಯಲ್ಲಿ ಪಾಠ ಒಪ್ಪಿಸಿದವರು ಯಾರೂ ಇಲ್ಲ, ಬಟ್ಟೆ ಒಪ್ಪಿಸಿದವರೇ. ದೇವರಾಣೆ, ನಾನು ಹೇಳಿಕೊಟ್ಟದ್ದಲ್ಲ. ನನ್ನ ತಲೆಗೆ ಅಷ್ಟು ಬುದ್ಧಿ ಬಂದಿದ್ದರೆ ಇಷ್ಟು ತಿಂಗಳು ಯಾಕೆ ಅಳುತ್ತಿದ್ದೆ.

ಮೇಷ್ಟ್ರು ಎರಡೂ ಬದಿ ನೋಡಿದರು. ಒಂದೂ ತಪ್ಪಿರಲಿಲ್ಲ. ಕನ್ನಡಕ ತೆಗೆದು ನನ್ನನ್ನು ಕೇಳಿದರು, “ಏನಮ್ಮಾ, ಇದು ಒಪ್ಪಿಸಿದ ಹಾಗೆ ಆಯ್ತಾ ಇಲ್ವಾ?” ಆಯಿತು ಎಂದೆ. “ನೀವು ಆಯ್ತು ಅಂದ್ರೆ ಆಗಲ್ವಲ್ಲ. ನಾನು ಅಂದ್ರೂ ಆಗಲ್ಲ. ಆರ್ಡರ್ ಮಾಡಿದವರು ಹೇಳ್ಬೇಕು,” ಎಂದರು. ‘ಬರೆದು ಕೊಟ್ಟಿದೆ, ಬಾಯಿಂದ ಹೇಳಿಲ್ಲ, ತೀರ್ಮಾನಕ್ಕೆ’ ಎಂದು ಬರೆದು ಮೇಲಕ್ಕೆ ಕಳಿಸಿದ್ದಾರೆ. ಹೋಗುವಾಗ ಮಗುವಿನ ತಲೆ ಸವರಿದರು, ಅಂಕದ ಜಾಗ ಖಾಲಿ ಬಿಟ್ಟರು.

ಆ ಖಾಲಿ ಜಾಗ ಈಗ ನಿನ್ನ ಮೇಜಿಗೆ ಬರುತ್ತಿದೆ. ಬೇಸಿಗೆ ರಜೆಯ ಮೊದಲು ಹೇಳದಿದ್ದರೆ ಅವಳು ಉಳಿದಳು ಎಂದೇ ಲೆಕ್ಕ.

ಅಕ್ಕನೆಂದು ಕೇಳುವುದಿಲ್ಲ. ಆ ಪದದ ಅರ್ಥವೇನು ಎಂದಷ್ಟೇ ಕೇಳುತ್ತೇನೆ. ಬರೆದವನು ನೀನು.

ಅಕ್ಕ

\*

ಏಪ್ರಿಲ್ ೪

ಎಲ್ಲ ಶಾಲೆಗಳ ಮುಖ್ಯಸ್ಥರಿಗೆ,

ಒಂದನೇ ತರಗತಿಯ ಪರೀಕ್ಷೆಯ ಅಪ್ಪಣೆಯಲ್ಲಿರುವ ‘ಒಪ್ಪಿಸತಕ್ಕದ್ದು’ ಎಂಬ ಪದದ ಬಗ್ಗೆ ಸ್ಪಷ್ಟನೆ ಕೋರಲಾಗಿದೆ. ಒಪ್ಪಿಸುವುದು ಎಂದರೆ ತನ್ನಲ್ಲಿರುವುದನ್ನು ಇನ್ನೊಬ್ಬರಿಗೆ ತಲುಪಿಸುವುದು. ಅದು ಬಾಯಿಂದ ಆಗಬೇಕೋ, ಕೈಯಿಂದಲೋ, ಬೇರಾವ ರೀತಿಯಿಂದಲೋ, ಮತ್ತು ತಲುಪಿತೇ ಇಲ್ಲವೇ ಎಂಬುದನ್ನು ಆ ಮಗುವಿಗೆ ಕಲಿಸಿದ ತರಗತಿಯ ಶಿಕ್ಷಕರೇ ನಿರ್ಧರಿಸತಕ್ಕದ್ದು. ಪರೀಕ್ಷಕರ ಅಂಕ ಏನೇ ಇದ್ದರೂ ಈ ನಿರ್ಧಾರವೇ ಅಂತಿಮ. ಹೆತ್ತವರು ಕೇಳಿದಲ್ಲಿ ಶಿಕ್ಷಕರು ಎದುರಿಗೆ ಕೂತು ಕಾರಣ ಹೇಳತಕ್ಕದ್ದು.

ಮಂತ್ರಿಗಳ ಅಪ್ಪಣೆಯ ಮೇರೆಗೆ,
ಆಪ್ತ ಕಾರ್ಯದರ್ಶಿ

(ನಿನಗೆ ಬರುವ ಪ್ರತಿಯಲ್ಲಿ ಮಾತ್ರ ಇದನ್ನು ನನ್ನ ಕೈಯಿಂದ ಬರೆಯುತ್ತಿದ್ದೇನೆ. ಅಕ್ಕಾ, ನೀನು ದೇವರ ಮುಂದೆ ಕೂತು ಎಲ್ಲವನ್ನೂ ಒಪ್ಪಿಸುವಾಗ ದನಿ ಬರುತ್ತಿತ್ತಾ ಎಂದು ನೆನಪು ಮಾಡಿಕೊಂಡೆ. ಬರುತ್ತಿರಲಿಲ್ಲ. ಹೊಸ ಅಪ್ಪಣೆಗೆ ಮಂತ್ರಿಮಂಡಲ ಬೇಕು, ಹಳೆಯದರ ಅರ್ಥ ಹೇಳಲು ನಾನೊಬ್ಬನೇ ಸಾಕು. ರಾಜಕೀಯದವನಿಗೆ ಇಷ್ಟಾದರೂ ಬರಬೇಡವಾ. ಇನ್ನು ಕತ್ತರಿ ನಿನ್ನ ಕೈಯಲ್ಲಿ. ತಮ್ಮ.)

\*

ಏಪ್ರಿಲ್ ೧೧

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದ.

ಸುತ್ತೋಲೆಯನ್ನು ಹೆಡ್ಮಾಸ್ಟರು ಎಲ್ಲರ ಮುಂದೆ ಓದಿದರು. ಓದಿ ಮುಗಿಸಿ ನನ್ನ ಕಡೆ ನೋಡಿದರು, ಎಲ್ಲರೂ ನೋಡಿದರು. ಲೆಕ್ಕದ ಟೀಚರು, “ಈಗ ಯಾರನ್ನ ಬೈಯೋದು ನಾವು?” ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬರುವ ದಾರಿಯಲ್ಲಿ ಆ ಮಾತು ನಗುವಿನ ಹಾಗೆ ಕೇಳಿಸಲಿಲ್ಲ.

ಮೆಣಸಿನಕಾಳು ಎರಡನೇ ತರಗತಿಗೆ ಹೋದಳು. ಅವಳ ಹೆಸರಿನ ಮುಂದೆ ಬರೆಯುವಾಗ ಪೆನ್ನು ತಾನಾಗಿಯೇ ಓಡಿತು. ಇಸ್ತ್ರಿ ಅಂಗಡಿಗೆ ನಾನೇ ಹೋಗಿ ಹೇಳಿ ಬಂದೆ. ತಾಯಿ ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಕೆಳಗಿಡದೆ, “ಆಯ್ತು, ಕಳಿಸ್ತೀನಿ,” ಎಂದಳು. ಅಷ್ಟೇ. ಹುಡುಗಿ ನನ್ನೆದುರು ಇನ್ನೂ ಮಾತಾಡಿಲ್ಲ. ಆತುರವಿಲ್ಲ.

ಆಮೇಲೆ ಬೇಕರಿಯವರ ಮಗಳ ಹೆಸರು ಬಂತು. ಪರೀಕ್ಷಕರು ಪೂರ್ತಿ ಅಂಕ ಕೊಟ್ಟಿದ್ದಾರೆ. ಆದರೆ ನಾನು ಅವಳಿಗೆ ಕಲಿಸಿದವಳು. ಅ ದಿಂದ ಳ ದವರೆಗೆ ಹಾಡಿನ ಹಾಗೆ ಹೇಳುತ್ತಾಳೆ, ‘ಸರ’ ಎಂದು ಬರೆದು ತೋರಿಸಿದರೆ ಓದುವುದಿಲ್ಲ. ನೀನು ಬಸ್ಸಿನ ಬೋರ್ಡಿನ ಮುಂದೆ ಕಂಡ ಹುಡುಗ ಹೀಗೆಯೇ ಶುರುವಾಗಿರಬೇಕು. ಪೆನ್ನು ನಿಂತುಬಿಟ್ಟಿತು. ನಿರ್ಧರಿಸುವುದು ಇಷ್ಟು ಭಾರವೆಂದು ನೀನು ಒಂದು ಪತ್ರದಲ್ಲೂ ಹೇಳಲಿಲ್ಲ. ಹೇಳಿದ್ದರೂ ನಾನು ನಂಬುತ್ತಿರಲಿಲ್ಲ.

ಇವತ್ತು ಮಧ್ಯಾಹ್ನ ಬೇಕರಿಗೆ ಹೋದೆ. ಗಿರಾಕಿಗಳು ಇರಲಿಲ್ಲ. ಅವಳಪ್ಪ ಬನ್ನಿನ ತಟ್ಟೆಗಳನ್ನು ಜೋಡಿಸುತ್ತಿದ್ದ. ಮಗಳ ಅಂಕದ ಹಾಳೆಯನ್ನು ಗಾಜಿನ ಒಳಗೆ ಕೇಕುಗಳ ಪಕ್ಕದಲ್ಲಿ ನಿಲ್ಲಿಸಿದ್ದ. ಅದನ್ನು ನೋಡಿದ ಮೇಲೂ ಹೇಳಬೇಕಾದ್ದನ್ನು ಹೇಳಿದೆ. ಅವನ ಮುಖ ಕೆಂಪಾಯಿತು. ಹೊರಗಿನ ಪರೀಕ್ಷಕರೇ ಪೂರ್ತಿ ಕೊಟ್ಟಿರುವಾಗ ಬೇಡ ಎನ್ನಲು ನೀವ್ಯಾರು ಎಂದು ಕೇಳಿದ. ಅವಳ ಟೀಚರು ಎಂದೆ. ಹಾಗಾದರೆ ವರ್ಷವೆಲ್ಲ ಏನು ಮಾಡುತ್ತಿದ್ದಿರಿ ಎಂದ. ಅದೂ ನ್ಯಾಯವೇ. ನಿಂತಲ್ಲೇ ಕೇಳಿಸಿಕೊಂಡೆ.

ಅವನು ತಟ್ಟೆ ಜೋಡಿಸುವುದನ್ನು ನಿಲ್ಲಿಸಿ, ಕೈಯ ಹಿಟ್ಟನ್ನು ಒರೆಸಿಕೊಂಡು, ಸ್ವಲ್ಪ ಹೊತ್ತು ಗಾಜಿನೊಳಗಿನ ಹಾಳೆಯನ್ನು ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ: “ಸರಿ ಟೀಚರ್, ನೀವೇ ಹೇಳಿ. ಏನ್ ಮಾಡೋಣ?”

ವರ್ಷವಿಡೀ ನಾನು ಹಂಬಲಿಸಿದ್ದು ಈ ಒಂದು ಪ್ರಶ್ನೆಗೆ ತಮ್ಮ, ಯಾರಾದರೂ ನನ್ನನ್ನು ಕೇಳಲಿ ಎಂದು. ಅಲ್ಲಿದ್ದ ಸ್ಟೂಲನ್ನು ಎಳೆದುಕೊಂಡು ಕೂತೆ.

“ಅವಳನ್ನೂ ಕರೀರಿ,” ಎಂದೆ. “ಮೂರೂ ಜನ ಕೂತು ಯೋಚನೆ ಮಾಡೋಣ.”

ನಿನ್ನ ಅಕ್ಕ